ಬ್ರೇಕ್ ಒತ್ತಲು ಒಂದು ದಿನ, ಬಿಡಲು ಒಂದು ವರ್ಷ

ಬೆಂಗಳೂರಿನಲ್ಲಿ ಕಾರು ಓಡಿಸುವವರ ಬಲಗಾಲಿಗೆ ಒಂದು ಅಭ್ಯಾಸ ಕೂತುಬಿಟ್ಟಿರುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ಮುಂದಿನ ಗಾಡಿಯ ಕೆಂಪು ದೀಪ ಹತ್ತಿದರೆ ಮೊದಲು ಪೆಡಲ್‌ಗೆ ಕಾಲು ಸುಮ್ಮನೆ ತಾಗಿಸುತ್ತೇವೆ, ಹತ್ತಿರವಾದಂತೆ ಇನ್ನಷ್ಟು ಒತ್ತುತ್ತೇವೆ, ಕೊನೆಯ ಒಂದು ಗಜದಲ್ಲಿ ಪೂರ್ತಿ ಒತ್ತಿ ನಿಲ್ಲಿಸುತ್ತೇವೆ. ಹದಿನೈದು ವರ್ಷ ನಾನೂ ಹೀಗೇ ಓಡಿಸಿದವನು. ರೇಸ್ ಟ್ರ್ಯಾಕ್‌ನಲ್ಲಿ ಬೇಕಾಗಿದ್ದು ಇದರ ತದ್ವಿರುದ್ಧ. ಅದು ತಲೆಗೆ ಹೋಗಲು ಒಂದು ಗಂಟೆ ಸಾಕಾಯಿತು, ಕಾಲಿಗೆ ಇಳಿಯಲು ವರ್ಷ ಹಿಡಿಯಿತು.

ದೊಡ್ಡ ಸರ್ಕ್ಯೂಟ್ ನಮ್ಮೂರಲ್ಲಿಲ್ಲ. ಬೆಳಗಿನ ಜಾವ ಮನೆ ಬಿಟ್ಟು ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿ.ಮೀ. ಹೋದರೆ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟ್ಟೈ. ಅಲ್ಲಿನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಒಂದು ಸುತ್ತಿಗೆ 3.7 ಕಿ.ಮೀ. ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಪೋರ್ಷೆ ಕೇಮನ್, ಆಟೋಮ್ಯಾಟಿಕ್ ಗೇರ್. ಎಂಜಿನ್ ಸೀಟಿನ ಬೆನ್ನಿಗೇ ಇದೆ. ನಾನು ಕೂತ ಮೇಲೆ ತೂಕ ಹತ್ತಿರ ಹತ್ತಿರ 1,400 ಕೆ.ಜಿ.

ಮೊದಲ ದಿನ ಐದನೇ ಸುತ್ತಿನಲ್ಲಿ ಆಗಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನೇರ ದಾರಿಯ ಕೊನೆಗೆ ಬಂದು ಬ್ರೇಕ್ ಒತ್ತಿದೆ. ಪೆಡಲ್ ಎಂದಿನ ಜಾಗದಲ್ಲಿ ತಡೆಯಲಿಲ್ಲ, ಮೆತ್ತಗೆ ಕೆಳಗೆ ಹೋಯಿತು, ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಬೇಗ ಬೇಗ ಎರಡು ಸಲ ಪಂಪ್ ಮಾಡಿದೆ, ಸ್ವಲ್ಪ ಹಿಡಿಯಿತು. ತಿರುಗಿಸುವ ಪ್ರಯತ್ನ ಬಿಟ್ಟು ನೇರವಾಗಿ ಪಕ್ಕದ ಖಾಲಿ ಜಾಗಕ್ಕೆ ಹೋಗಿ ನಿಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಇಳಿದಾಗ ನನ್ನ ಮಂಡಿ ನಡುಗುತ್ತಿತ್ತು.

ಊರಿಗೆ ಬಂದು ವಿಲ್ಸನ್ ಗಾರ್ಡನ್ ಕಡೆಯ ನಮ್ಮ ಮೆಕ್ಯಾನಿಕ್‌ಗೆ ತೋರಿಸಿದೆ. ಚಕ್ರ ಬಿಚ್ಚಿ, ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇಳಿದು ಬಂದದ್ದನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು. "ನೋಡಿ ಸಾರ್, ಬ್ರೇಕ್ ಆಯಿಲ್ ಡಿಕಾಕ್ಷನ್ ಆಗಿದೆ. ಯಾವಾಗ ಚೇಂಜ್ ಮಾಡ್ಸಿದ್ದು?" ಮೂರು ವರ್ಷದ ಹತ್ತಿರ ಆಗಿತ್ತು. ತಪ್ಪು ಪೂರ್ತಿ ನನ್ನದೇ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಅದೇ ದರ್ಜೆಗೆ ಇರುವ ಮಿತಿ 155 ಡಿಗ್ರಿ. ಕುದಿಯಿತೆಂದರೆ ಪೈಪಿನಲ್ಲಿ ಆವಿ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ನನ್ನ ಕಾಲಿನ ಬಲವೆಲ್ಲ ಗುಳ್ಳೆ ಅದುಮುವುದಕ್ಕೇ ಖರ್ಚಾಯಿತು, ಡಿಸ್ಕನ್ನು ಅದುಮಿ ಚಕ್ರ ನಿಲ್ಲಿಸುವ ಪ್ಯಾಡ್ ತನಕ ಮುಟ್ಟಲೇ ಇಲ್ಲ.

ಅಷ್ಟು ಬಿಸಿ ಎಲ್ಲಿಂದ ಬರುತ್ತದೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಗಂಟೆಗೆ 180 ಕಿ.ಮೀ.ನಿಂದ 72ಕ್ಕೆ ಒಂದು ಸಲ ಇಳಿಸಿದರೆ ಹುಟ್ಟುವ ಶಾಖದಲ್ಲಿ ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಗ್ಯಾಸ್ ಒಲೆ ಮೇಲೆ ಹತ್ತು ಹದಿನೈದು ನಿಮಿಷದ ಕೆಲಸ, ಇಲ್ಲಿ ಮೂರು ಸೆಕೆಂಡು. ಅದೂ ಪ್ರತಿ ಸುತ್ತಿನಲ್ಲಿ ಹಲವು ಸಲ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು ಎಂದು ಹೈಸ್ಕೂಲಿನಲ್ಲಿ ಓದಿದ್ದು ಅವತ್ತು ಅರ್ಥವಾಯಿತು.

ಈಗ ಹಾಕಿಸುವುದು 300 ಡಿಗ್ರಿ ದಾಟುವ ರೇಸಿಂಗ್ ಆಯಿಲ್. ಟ್ರ್ಯಾಕ್‌ಗೆ ಹೋಗುವ ಮುಂಚೆ ಪ್ರತಿ ಸಲ ಹೊಸದು, ಏಕೆಂದರೆ ಇದೂ ತೇವ ಹೀರುತ್ತದೆ. ಪ್ಯಾಡನ್ನೂ ಬದಲಿಸಿದೆ. ಇನ್ನೊಂದು ಗುರುತು ನೆನಪಿಡಿ: ಪೆಡಲ್ ಮೆತ್ತಗಾದರೆ ಆಯಿಲ್ ಕುದಿದಿದೆ; ಪೆಡಲ್ ಕಲ್ಲಿನ ಹಾಗೆ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ಮಿತಿ ದಾಟಿ ಬಿಸಿಯಾಗಿದೆ. ಎರಡರಲ್ಲಿ ಯಾವುದೇ ಆದರೂ ಆ ಸೆಷನ್ ಅಲ್ಲಿಗೆ ನಿಲ್ಲಿಸಬೇಕು.

ಎರಡನೇ ಸಲ ಹೋದಾಗ ಒಬ್ಬ ಕೋಚ್ ಜೊತೆ ಮಾಡಿಕೊಂಡೆ, ಮೈಸೂರಿನವರು. ಕಾರಿನ ವೇಗ, ಬ್ರೇಕಿನ ತಡೆ ದಾಖಲಿಸುವ ನನ್ನ ಜಿಪಿಎಸ್ ಲಾಗರ್‌ನ ಗ್ರಾಫ್ ನೋಡಿ ಅವರು ಹೇಳಿದ್ದು: "ನೀವು ಬೆಟ್ಟ ಹತ್ತೋ ದಾರೀಲಿ ಇಳೀತಾ ಇದೀರಿ, ಇಳಿಯೋ ದಾರೀಲಿ ಹತ್ತುತಾ ಇದೀರಿ." ನನ್ನ ಬ್ರೇಕ್ ರೇಖೆ ನಿಧಾನವಾಗಿ ಏರಿ, ತಿರುವಿನ ಬಾಯಲ್ಲಿ ಶಿಖರ ಮುಟ್ಟಿ, ದಿಢೀರನೆ ಬೀಳುತ್ತಿತ್ತು. ಇರಬೇಕಾದ್ದು ಹೇಗೆಂದರೆ, ನಂದಿ ಬೆಟ್ಟವನ್ನು ನೆನೆಸಿಕೊಳ್ಳಿ. ಏರುವ ಬದಿ ಟಿಪ್ಪು ಡ್ರಾಪ್‌ನ ಬಂಡೆಯಂತೆ ಕಡಿದು, ಇಳಿಯುವ ಬದಿ ನಿಧಾನದ ಇಳಿಜಾರು.

ವೇಗ ಅತಿ ಹೆಚ್ಚಿರುವಾಗಲೇ ಅತಿ ಹೆಚ್ಚು ಒತ್ತಬೇಕು. 180ರಲ್ಲಿ ಸೆಕೆಂಡಿಗೆ 50 ಮೀಟರ್ ಹೋಗುತ್ತಿರುತ್ತೇವೆ. ಒಣ ಡಾಂಬರಿನಲ್ಲಿ ಒಳ್ಳೆಯ ಟೈರು ಒಂದು ಜಿಯಷ್ಟು, ಅಂದರೆ ಕಾರಿನ ತೂಕದಷ್ಟೇ ಬಲದಿಂದ, ತಡೆಯುತ್ತದೆ. ಅದನ್ನು ಪೂರ್ತಿ ಬಳಸಿದರೆ 72ಕ್ಕೆ ಇಳಿಯಲು ಸುಮಾರು 107 ಮೀಟರ್ ಸಾಕು. ನನ್ನ ಹಾಗೆ ಸರಾಸರಿ 0.7 ಜಿಯಲ್ಲಿ ಒತ್ತಿದರೆ 153 ಮೀಟರ್. ಕಾರು ಅದೇ, ಡಿಸ್ಕ್ ಅದೇ, ವ್ಯತ್ಯಾಸ ಕಾಲಿನದ್ದು.

ಹಾಗಂತ ಒದೆಯಬಾರದು. ಒದ್ದರೆ ಭಾರ ಮುಂದಿನ ಚಕ್ರಗಳ ಮೇಲೆ ಬಂದು ಕೂರುವ ಮೊದಲೇ ಟೈರು ಜಾರಲು ನೋಡುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಪಾದದಡಿ ಟರ್‌ಟರ್ ಅನ್ನುತ್ತದೆ. ನಿಂಬೆಹಣ್ಣು ಹಿಂಡುವ ಹಾಗೆ ಹಿಂಡಬೇಕು, ಆದರೆ ಅರೆ ಸೆಕೆಂಡಿಗಿಂತ ಮುಂಚೆ ಮುಗಿಸಬೇಕು. ಎಬಿಎಸ್ ಇನ್ನೇನು ಶುರುವಾಗಬೇಕು ಅನ್ನುವಷ್ಟರಲ್ಲಿ ನಿಲ್ಲುವುದು ಸರಿಯಾದ ಜಾಗ. ಇದಕ್ಕೆ ಸೀಟನ್ನೂ ಮುಂದಕ್ಕೆ ತಂದುಕೊಂಡೆ; ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು, ಇಲ್ಲದಿದ್ದರೆ ಬಲ ಬರುವುದಿಲ್ಲ. ಒತ್ತುವ ಈ ಭಾಗ ಒಂದೇ ದಿನದಲ್ಲಿ ಬಂತು. ಬ್ರೇಕ್ ಶುರು ಮಾಡುವ ಜಾಗಕ್ಕೆ ಒಂದು ಕೋನ್ ಗುರುತಿಟ್ಟುಕೊಂಡು, ಬೇಕಾದ್ದಕ್ಕಿಂತ ಮುಂಚೆಯೇ ಒತ್ತಲು ತೊಡಗಿ, ಸುತ್ತಿಗೆ ಐದೈದು ಮೀಟರ್ ಮುಂದೆ ಸರಿಸುತ್ತಾ ಹೋದೆ.

ಬಿಡುವುದೇ ಕಷ್ಟದ ಭಾಗ. ಸ್ಟೀರಿಂಗ್ ತಿರುಗಿಸುವ ಮುನ್ನ ಕಾಲು ತಟ್ಟನೆ ತೆಗೆದರೆ ಮೂತಿ ಮೇಲೇಳುತ್ತದೆ, ಮುಂದಿನ ಟೈರುಗಳ ಮೇಲಿನ ಭಾರ ಹೋಗುತ್ತದೆ, ಕಾರು ತಿರುಗದೆ ಹೊರಗೆ ಎಳೆಯುತ್ತದೆ. ಟೈರಿಗೆ ಇರುವ ಹಿಡಿತ ಒಂದು ಅಳತೆಯಷ್ಟೇ. ನಿಲ್ಲಿಸಲು ಕೊಟ್ಟಷ್ಟು ತಿರುಗಿಸಲು ಕಡಿಮೆ. ಹಾಗಾಗಿ ಸ್ಟೀರಿಂಗ್ ಎಷ್ಟು ತಿರುಗುತ್ತದೋ ಅಷ್ಟಷ್ಟೇ ಪೆಡಲ್ ಬಿಡುತ್ತಾ ತಿರುವಿನೊಳಗೆ ಹೋಗಬೇಕು. ಕೇಮನ್‌ನಂಥ ನಡು ಎಂಜಿನ್ ಕಾರಿನಲ್ಲಿ ಹೆಚ್ಚು ಹೊತ್ತು ಹಿಡಿದರೂ ಅಪಾಯ. ಹಿಂಭಾಗ ಹಗುರಾಗಿ ಒಂದು ಸಲ ಪಕ್ಕಕ್ಕೆ ಜಾರಿತು, ಜಾರುವ ಕಾರನ್ನು ತಾನಾಗಿ ಸರಿಪಡಿಸುವ ಸ್ಟೆಬಿಲಿಟಿ ಕಂಟ್ರೋಲ್ ಹಿಡಿದುಕೊಂಡಿತು. ಅದನ್ನು ಆಫ್ ಮಾಡಲು ನಾನು ಇವತ್ತಿಗೂ ಹೋಗಿಲ್ಲ.

ಸೆಷನ್ ಮುಗಿದ ಮೇಲಿನದು ಚಿಕ್ಕ ವಿಷಯ, ಆದರೂ ಬಹಳ ಜನ ಮರೆಯುತ್ತಾರೆ. ಕೊನೆಯ ಸುತ್ತು ಬ್ರೇಕ್ ಮುಟ್ಟದಷ್ಟು ನಿಧಾನ ಹೋಗಿ ಗಾಳಿಗೆ ಆರಿಸಿ. ಕಾರು ನಿಲ್ಲಿಸುವ ಜಾಗವಾದ ಪಿಟ್‌ನಲ್ಲಿ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ; ಕಾದ ಡಿಸ್ಕಿಗೆ ಪ್ಯಾಡಿನ ಪದರ ಒಂದೇ ಜಾಗದಲ್ಲಿ ಅಂಟಿ ಆಮೇಲೆ ಪೆಡಲ್ ನಡುಗುತ್ತದೆ. ಹ್ಯಾಂಡ್ ಬ್ರೇಕೂ ಬೇಡ, ಚಕ್ರಕ್ಕೊಂದು ಮರದ ತುಂಡು ಅಡ್ಡ ಕೊಟ್ಟರಾಯಿತು.

ಟ್ರ್ಯಾಕ್ ವೇಗವನ್ನು ರಸ್ತೆಯಲ್ಲಿ ಅಭ್ಯಾಸ ಮಾಡುವುದು ಸಲ್ಲದು. ಆದರೆ ಬಿಡುವುದನ್ನು ಜಯನಗರದ ಸಿಗ್ನಲ್‌ಗಳಲ್ಲೂ ಕಲಿಯಬಹುದು. ನಿಲ್ಲುವ ಕೊನೆಯ ಕ್ಷಣದಲ್ಲಿ ಪೆಡಲನ್ನು ಎಳೆ ಎಳೆಯಾಗಿ ಸಡಿಲಿಸಬೇಕು, ಪಕ್ಕ ಕೂತವರ ತಲೆ ಮುಂದೆ ಬಾಗಬಾರದು. ಮನೆಯ ಹಳೇ ಕಾರಿನಲ್ಲಿ ಅಮ್ಮನನ್ನು ಫೋರ್ತ್ ಬ್ಲಾಕ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುವಾಗಲೆಲ್ಲ ಇದನ್ನೇ ಮಾಡುತ್ತಿದ್ದೆ. ಒಂದು ಭಾನುವಾರ ಮಡಿಲಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು ಕಿಟಕಿ ಕಡೆ ನೋಡುತ್ತಿದ್ದ ಅಮ್ಮ, "ಸಿಗ್ನಲ್ ಬಂತೇನೋ? ನಿಂತಿದ್ದೇ ಗೊತ್ತಾಗ್ಲಿಲ್ಲ" ಅಂದರು. ಮುಂದಿನ ತಿಂಗಳು ಮತ್ತೆ ಟ್ರ್ಯಾಕ್‌ಗೆ ಹೋದಾಗ ಗ್ರಾಫಿನ ಇಳಿಜಾರು ಮೊದಲ ಸಲ ಒಡೆಯದೆ ಉದ್ದಕ್ಕೆ ಬಂದಿತ್ತು.