ಓಟಗಾರ ನಾಯಿ ಮನೆಗೆ ಬಂದಾಗ: ಆರಿಸುವುದು ಹೇಗೆ, ಸಾಕುವುದು ಹೇಗೆ

ನಾಯಿ ಸಾಕೋಣ ಅಂತ ಮನೆಯಲ್ಲಿ ಮಾತು ಶುರುವಾದ ಕೂಡಲೇ ಬರುವ ಮೊದಲ ಪ್ರಶ್ನೆ ‘ಯಾವ ಜಾತಿದು?’ ಎಂಬುದು. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ನಾಯಿ ದಿನಕ್ಕೆ ಒಂದೆರಡು ಗಂಟೆ ಹೊರಗೆ ಓಡಾಡಬಹುದು, ಆಡಬಹುದು. ಉಳಿದ ಹೊತ್ತೆಲ್ಲ ಅದು ಮನೆಯೊಳಗೆ ನಿಮ್ಮ ಕಾಲ ಬಳಿಯೇ ಇರುತ್ತದೆ. ಆ ಹೊತ್ತನ್ನು ಅದು ಹೇಗೆ ಕಳೆಯುತ್ತದೆ ಅಂತ ನೋಡಿ ಆರಿಸಿ. ಹೀಗೆ ನೋಡಿದರೆ ಲೆಕ್ಕಾಚಾರ ತಲೆಕೆಳಗಾಗುವುದೂ ಉಂಟು. ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಗ್ರೇಹೌಂಡ್ ಮನೆಯೊಳಗೆ ಮಹಾ ಸೋಮಾರಿ.

ಮೊದಲು ನಿಮ್ಮ ದಿನದ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಬೆಳಿಗ್ಗೆ ನಾಯಿಯನ್ನು ಹೊರಗೆ ಕರೆದೊಯ್ಯುವವರು ಯಾರು? ಮಳೆ ಹೊಡೆಯುವ ದಿನ ಯಾರು? ಎಲ್ಲರೂ ಊರಿಗೆ ಹೊರಟರೆ ನಾಯಿ ಎಲ್ಲಿರುತ್ತದೆ? ಮನೆ ಖಾಲಿ ಇರುವುದು ಎಷ್ಟು ಗಂಟೆ? ‘ಮಕ್ಕಳು ನೋಡ್ಕೋತಾರೆ’ ಅಂತ ಮಾತ್ರ ಬರೆಯಬೇಡಿ. ಮಕ್ಕಳು ಮುದ್ದು ಮಾಡುತ್ತಾರೆ, ಕೆಲಸ ದೊಡ್ಡವರ ತಲೆಗೇ ಬರುತ್ತದೆ. ನಾಯಿ 10ರಿಂದ 13 ವರ್ಷ ಬಾಳುತ್ತದೆ, ಚಿಕ್ಕ ತಳಿಯಾದರೆ ಇನ್ನೂ ಜಾಸ್ತಿ. ಇವತ್ತು ಐದನೇ ಕ್ಲಾಸಿನಲ್ಲಿರುವ ಮಗು ಕಾಲೇಜು ಮುಗಿಸುವಾಗಲೂ ಆ ನಾಯಿ ಮನೆಯಲ್ಲೇ ಇರಬಹುದು.

ಹಳೇ ಕಸುಬು ಏನು ಅಂತ ಕೇಳಿ

ಬಹಳಷ್ಟು ತಳಿಗಳನ್ನು ಜನ ಒಂದೊಂದು ಕೆಲಸಕ್ಕೆಂದೇ ಬೆಳೆಸಿದ್ದಾರೆ. ಕೆಲಸ ಹೋದರೂ ಚಪಲ ಹೋಗಿಲ್ಲ. ಬಾರ್ಡರ್ ಕಾಲಿ ಕುರಿ ಮೇಯಿಸುವ ನಾಯಿ. ಕುರಿ ಸಿಗದಿದ್ದರೆ ಸೈಕಲ್ಲು, ಮಕ್ಕಳು, ಯಾರಾದರೂ ಸರಿ, ಅಟ್ಟಿಸಿಕೊಂಡು ಹೋಗುತ್ತದೆ. ಬೀಗಲ್ ಮೂಗನ್ನು ನೆಲಕ್ಕೆ ಹಚ್ಚಿತೆಂದರೆ ಕಿವಿ ಮುಚ್ಚಿದಂತೆಯೇ. ಟೆರಿಯರ್ ನೆಲ ಅಗೆಯುತ್ತದೆ, ಬಿಲದ ಪ್ರಾಣಿ ಹಿಡಿಯುವುದೇ ಅದರ ಉದ್ಯೋಗವಾಗಿತ್ತು. ಪಗ್, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮುಖದವು ನೋಡಲು ಮುದ್ದಾಗಿವೆ. ಆದರೆ ಅವುಗಳಲ್ಲಿ ಅನೇಕಕ್ಕೆ ಉಸಿರಾಡುವುದೇ ಕಷ್ಟ. ಆ ಗೊರಕೆ ಕೇಳಿ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮರಿ ತರುವುದಾದರೆ ಕನಿಷ್ಠ 8 ವಾರ ತಾಯಿಯ ಜೊತೆ ಇದ್ದ ಮರಿ ತನ್ನಿ. ಸುಮಾರು 3ರಿಂದ 14 ವಾರದ ತನಕ ಮರಿ ಜಗತ್ತನ್ನು ಕಲಿಯುವ ಕಾಲ. ಆಗ ಕಂಡ ಜನ, ಕೇಳಿದ ಸದ್ದು ಮುಂದೆ ಅದಕ್ಕೆ ಭಯ ಹುಟ್ಟಿಸುವುದಿಲ್ಲ. ಕೆಲಸ ಬಹಳ. ಮೊದಲ ಸಲ ಸಾಕುವವರಿಗೆ ನನ್ನ ಓಟು ಬೆಳೆದ ನಾಯಿಗೇ. ಅದರ ಸ್ವಭಾವ ಆಗಲೇ ಗೊತ್ತಿರುತ್ತದೆ, ಎಷ್ಟು ಎತ್ತರ ಬೆಳೆಯುತ್ತದೋ ಅಂತ ಊಹಿಸುವ ಗೊಡವೆಯೂ ಇಲ್ಲ.

ಇನ್ನು ಸೈಟ್‌ಹೌಂಡ್‌ಗಳು. ಗ್ರೇಹೌಂಡ್, ವಿಪೆಟ್, ಸಲೂಕಿ, ಅಫ್ಘನ್ ಹೌಂಡ್, ಸ್ಪೇನಿನ ಗಾಲ್ಗೊ, ಮುಧೋಳ ಎಲ್ಲವೂ ಈ ಬಳಗದವು. ಇವು ಮೂಸಿ ಹುಡುಕುವುದಕ್ಕಿಂತ ನೋಡಿ ಹಿಡಿಯುವ ನಾಯಿಗಳು. ಉದ್ದ ಮೂತಿಯ ನಾಯಿಗಳ ಕಣ್ಣಿನೊಳಗೆ ನೋಟದ ಕೋಶಗಳು ಒಂದು ಅಡ್ಡಪಟ್ಟಿಯಲ್ಲಿ ದಟ್ಟವಾಗಿ ಸೇರಿಕೊಂಡಿರುತ್ತವೆ. ದೂರದ ಬಯಲಿನಲ್ಲಿ ಏನೇ ಅಲುಗಿದರೂ ತಕ್ಷಣ ಕಣ್ಣಿಗೆ ಬೀಳುತ್ತದೆ. ಓಡುವಾಗ ಒಂದೊಂದು ದಾಪಿಗೂ ನಾಲ್ಕೂ ಕಾಲು ಎರಡು ಸಲ ನೆಲ ಬಿಟ್ಟಿರುತ್ತವೆ. ಆದರೆ ಈ ಆಟವೆಲ್ಲ ಸ್ವಲ್ಪ ಹೊತ್ತು. ಟ್ರ್ಯಾಕಿನಲ್ಲಿ ಒಂದು ಸಾಮಾನ್ಯ ರೇಸು 30 ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಆಮೇಲೆ ನಿದ್ದೆ. ಮತ್ತೆ ನಿದ್ದೆ.

ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಂಡು ಹೊಸ ಮನೆ ಹುಡುಕಿಕೊಡುವ ರಕ್ಷಣಾ ಕೇಂದ್ರಗಳಿಗೆ ಇವು ಬರುವ ದಾರಿ ಎರಡು. ಒಂದು, ರೇಸು. ಓಟ ನಿಧಾನವಾದರೆ, ಕಾಲಿಗೆ ಪೆಟ್ಟಾದರೆ ಗ್ರೇಹೌಂಡ್‌ಗೆ ಎರಡರಿಂದ ಐದು ವರ್ಷದೊಳಗೇ ನಿವೃತ್ತಿ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಜನರೇ ಮತ ಹಾಕಿ ನಾಯಿ ರೇಸ್ ಬೇಡವೆಂದರು. 2020ರ ಕೊನೆಗೆ ಅಲ್ಲಿ ಟ್ರ್ಯಾಕುಗಳಲ್ಲಿ ಓಟ ನಿಂತಿತು, ಸಾವಿರಾರು ನಾಯಿಗಳಿಗೆ ಮನೆ ಹುಡುಕಬೇಕಾಯಿತು. ಇನ್ನೊಂದು, ಬೇಟೆ. ಸ್ಪೇನಿನಲ್ಲಿ ಚಳಿಗಾಲದ ಬೇಟೆ ಮುಗಿಯುತ್ತಿದ್ದಂತೆ ಬೇಡವಾದ ಗಾಲ್ಗೊಗಳನ್ನು ಬೀದಿಗೆ ಬಿಡುವುದು ಹಳೇ ಪಿಡುಗು.

ಕೇಂದ್ರದಲ್ಲಿ ಏನು ಕೇಳಬೇಕು

ಫೋಟೋ ನೋಡಿ ಮನಸ್ಸಿನಲ್ಲೇ ಒಂದು ನಾಯಿ ಗೊತ್ತುಮಾಡಿಕೊಂಡು ಹೋಗಬೇಡಿ. ನಿಮ್ಮ ಆ ಹಾಳೆಯನ್ನು ಅಲ್ಲಿನವರ ಮುಂದಿಡಿ. ದಿನಾ ನಾಯಿಗಳ ನಡುವೆ ಇರುವವರು ಅವರು, ಯಾವುದು ಹೊಂದೀತು ಅಂತ ಅವರಿಗೇ ಚೆನ್ನಾಗಿ ಗೊತ್ತು. ಬೆಕ್ಕು, ಪುಟ್ಟ ನಾಯಿ ಕಂಡರೆ ಹೇಗೆ ಆಡುತ್ತದೆ? ಯಾರದಾದರೂ ಮನೆಯಲ್ಲಿ ಕೆಲವು ದಿನ ಇದ್ದು ನೋಡಿದೆಯಾ? ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತದೆ? ಹಳೇ ಮುರಿತ ಇದೆಯಾ, ಹಲ್ಲು ಹೇಗಿವೆ? ನಿದ್ದೆಯಲ್ಲಿ ಮುಟ್ಟಿದರೆ ಗದರುತ್ತದಾ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಅದಕ್ಕೆ ಕಾರಣ ಮುಂದೆ ಇದೆ. ರೇಸಿನ ನಾಯಿಗಳ ಕಿವಿಯೊಳಗೆ ಸಾಮಾನ್ಯವಾಗಿ ಹಚ್ಚೆಯ ಗುರುತು ಇರುತ್ತದೆ, ಅದರಿಂದ ಹುಟ್ಟಿದ ವರ್ಷ, ಓಟದ ದಾಖಲೆ ಹುಡುಕಬಹುದು.

ನಾಯಿ ಬರುವ ಮೊದಲು

ಕೊರಳಪಟ್ಟಿ ಮೊದಲು. ಈ ನಾಯಿಗಳ ತಲೆ ಕಿರಿದು, ಕುತ್ತಿಗೆ ದಪ್ಪ. ಮಾಮೂಲಿ ಬೆಲ್ಟ್ ಹಾಕಿದರೆ ಎರಡು ಹೆಜ್ಜೆ ಹಿಂದಕ್ಕಿಟ್ಟು ಸಲೀಸಾಗಿ ಕಳಚಿಕೊಳ್ಳುತ್ತವೆ. ಮಾರ್ಟಿಂಗೇಲ್ ಎಂಬ ಅಗಲ ಪಟ್ಟಿ ಸಿಗುತ್ತದೆ. ಎಳೆದಾಗ ಅಷ್ಟೇ ಬಿಗಿಯಾಗುತ್ತದೆ, ಉಸಿರು ಕಟ್ಟುವಷ್ಟಲ್ಲ. ಅದನ್ನೇ ತನ್ನಿ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಬೇಡವೇ ಬೇಡ. ಕೆಲವೇ ದಾಪಿನಲ್ಲಿ ಪೂರ್ತಿ ವೇಗ ಹಿಡಿಯುವ ನಾಯಿ ಆ ಹಗ್ಗದ ತುದಿ ಮುಟ್ಟಿದಾಗ ಅದರ ಕುತ್ತಿಗೆ ಏನಾಗಬೇಕು, ನಿಮ್ಮ ತೋಳು ಏನಾಗಬೇಕು?

ಹಾಸಿಗೆ ದಪ್ಪಗಿರಲಿ. ಮೈಯಲ್ಲಿ ಕೊಬ್ಬು ಕಮ್ಮಿ, ಮೊಣಕೈ ಮೂಳೆ ನೇರ ನೆಲಕ್ಕೆ ಒತ್ತುತ್ತದೆ. ಚರ್ಮ ತೆಳು, ಕೂದಲೂ ತೆಳು, ಚಳಿಗೆ ಕೋಟು ಬೇಕು. ಅದು ಶೋಕಿಯಲ್ಲ. ಅಂಗಳದ ಬೇಲಿ ಸುಮಾರು 6 ಅಡಿ ಇದ್ದರೆ ಒಳ್ಳೆಯದು. ಗಾಜಿನ ಬಾಗಿಲಿದ್ದರೆ ನಾಯಿಯ ಕಣ್ಣಿನ ಎತ್ತರಕ್ಕೆ ಬಣ್ಣದ ಟೇಪು ಅಂಟಿಸಿ. ಕೆನಲ್‌ನಲ್ಲೇ, ಅಂದರೆ ನಾಯಿಗಳನ್ನು ಇಡುವ ಗೂಡಿನಲ್ಲೇ, ಬೆಳೆದ ನಾಯಿಗೆ ಗಾಜು ಅಂದರೇನೆಂದೇ ಗೊತ್ತಿರುವುದಿಲ್ಲ, ಓಡಿಬಂದು ಡಿಕ್ಕಿ ಹೊಡೆಯುತ್ತದೆ.

ಮೊದಲ ದಿನಗಳು

ನಾಯಿ ಸಾಕುವವರಲ್ಲಿ ಮೂರು-ಮೂರು-ಮೂರು ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ ಅರ್ಥವಾಗುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಎಲ್ಲ ನಾಯಿಗೂ ಹೀಗೇ ಆಗುತ್ತದೆ ಅಂತಿಲ್ಲ. ಆದರೆ ಮೊದಲ ವಾರವೇ ನೆಂಟರಿಷ್ಟರನ್ನೆಲ್ಲ ಕರೆದು ತೋರಿಸಬಾರದು ಅನ್ನುವುದಂತೂ ನಿಜ.

ಮೆಟ್ಟಿಲು ಹತ್ತಿಸುವುದು ಒಂದು ಪಾಠವೇ. ಮೆಟ್ಟಿಲನ್ನೇ ಕಾಣದ ನಾಯಿ ಅದರ ಮುಂದೆ ನಿಂತು ನಡುಗುತ್ತದೆ. ಇಲ್ಲವೇ ಎಲ್ಲ ಮೆಟ್ಟಿಲನ್ನೂ ಒಂದೇ ನೆಗೆತಕ್ಕೆ ದಾಟಲು ನೋಡುತ್ತದೆ. ಎದೆಗೆ ಹಾರ್ನೆಸ್ (ಮೈಸುತ್ತ ಕಟ್ಟುವ ಪಟ್ಟಿ) ಹಾಕಿ. ಕೆಳಗಿನ ಮೂರು ಮೆಟ್ಟಿಲಿನಿಂದ ಶುರುಮಾಡಿ. ಒಬ್ಬರು ಹಿಂದೆ ಮೈಗೆ ಮೈ ತಾಗುವಂತೆ ನಿಲ್ಲಿ, ಜಾರಲು ಜಾಗ ಇರಬಾರದು. ಮುಂದಿನ ಎಡಗಾಲನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲಿಡಿ, ಆಮೇಲೆ ಬಲಗಾಲು, ಆಮೇಲೆ ಹಿಂದಿನ ಕಾಲು ಒಂದೊಂದಾಗಿ. ಮೇಲೆ ಮುಟ್ಟಿದಾಗ ಒಂದು ತಿಂಡಿ. ಇಳಿಯುವುದು ಇನ್ನೂ ಕಷ್ಟ. ಆಗ ನೀವು ಎದುರಿಗೆ ನಿಂತು ಎದೆಯನ್ನು ತಡೆದು ಹಿಡಿಯಬೇಕು. ಮೆಟ್ಟಿಲು ನುಣುಪಾಗಿದ್ದರೆ ಜಾರದ ಹಾಸು ಹಾಕದೆ ಈ ಪಾಠ ಶುರುಮಾಡಬೇಡಿ.

ವಾಕಿಂಗ್ ಹೊರಟಾಗ ಹೊಸ ಗ್ರೇಹೌಂಡ್ ಇದ್ದಕ್ಕಿದ್ದಂತೆ ನೆಟ್ಟ ಕಂಬದ ಹಾಗೆ ನಿಂತುಬಿಡುವುದುಂಟು. ಎಳೆದರೆ ಬರುವುದಿಲ್ಲ, ಎಳೆಯಲೂಬಾರದು. ಅದು ಹಟವಲ್ಲ, ಭಯ. ಸ್ವಲ್ಪ ಹೊತ್ತು ಸುಮ್ನೆ ಜೊತೆಗೆ ನಿಲ್ಲಿ. ಆಮೇಲೆ ಪಕ್ಕಕ್ಕೆ ಅರ್ಧ ಸುತ್ತು ತಿರುಗಿಸಿ ಹೆಜ್ಜೆ ಹಾಕಿಸಿ. ಬಹಳಷ್ಟು ಸಲ ಇಷ್ಟಕ್ಕೇ ಕಾಲು ಬರುತ್ತದೆ.

ಉಚ್ಚೆಯ ವಿಷಯ ಅಷ್ಟು ಕಷ್ಟವಿಲ್ಲ. ಎದ್ದ ಕೂಡಲೇ, ಊಟವಾದ ಮೇಲೆ, ಮಲಗುವ ಮೊದಲು ಹೊರಗೆ ಕರೆದೊಯ್ಯಿರಿ, ಹೊರಗೆ ಮಾಡಿದಾಗ ಹೊಗಳಿ. ಒಳಗೆ ಮಾಡಿದರೆ ಮಾತಿಲ್ಲದೆ ಒರೆಸಿ.

ಇನ್ನು ಆ ನಿದ್ದೆಯ ಪ್ರಶ್ನೆ. ಗ್ರೇಹೌಂಡ್‌ಗಳು ಕಣ್ಣು ಅರ್ಧ ತೆರೆದೇ ಗಾಢವಾಗಿ ನಿದ್ದೆ ಮಾಡುವುದುಂಟು. ಎಚ್ಚರವಿದೆ ಅಂದುಕೊಂಡು ಮಗು ಹೋಗಿ ತಬ್ಬಿಕೊಳ್ಳುತ್ತದೆ. ಕೆನಲ್‌ನಲ್ಲಿ ಒಂಟಿಯಾಗಿ ಮಲಗಿ ಅಭ್ಯಾಸವಾದ ನಾಯಿ ಬೆಚ್ಚಿಬಿದ್ದು ಗುರ್ ಅನ್ನುತ್ತದೆ, ಕೆಲವೊಮ್ಮೆ ಹಲ್ಲೂ ತಾಗಿಸುತ್ತದೆ. ಅದಕ್ಕೇ ಮನೆಯಲ್ಲಿ ಒಂದು ಕಟ್ಟುನಿಟ್ಟು ಬೇಕು: ನಾಯಿಯ ಹಾಸಿಗೆ ಅದರದ್ದೇ, ಮಲಗಿದಾಗ ಯಾರೂ ಹತ್ತಿರ ಹೋಗುವಂತಿಲ್ಲ. ಎಬ್ಬಿಸಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಿರಿ, ತಲೆ ಎತ್ತಿ ನೋಡಿದ ಮೇಲೆ ಹತ್ತಿರ ಹೋಗಿ.

ಗುರುಗುಟ್ಟಿದ್ದಕ್ಕೆ ಬೈಯಬೇಡಿ, ಹೊಡೆಯುವುದಂತೂ ದೂರದ ಮಾತು. ಗುರುಗುಟ್ಟುವುದು ‘ಸಾಕು’ ಅನ್ನುವ ಎಚ್ಚರಿಕೆ. ಬೈದು ಬೈದು ಅದನ್ನು ಅಡಗಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಕಚ್ಚೀತು. ಅದಕ್ಕೂ ಮೊದಲೇ ನಾಯಿ ಸೂಚನೆ ಕೊಟ್ಟಿರುತ್ತದೆ: ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ತಿರುಗಿಸುವುದು, ಮೈ ಬಿಗಿಯುವುದು. ಇವನ್ನು ಮಕ್ಕಳಿಗೂ ಹೇಳಿಕೊಡಿ. ಹಲ್ಲು ಕಟಕಟ ಅನ್ನಿಸುವುದನ್ನು ಕಂಡು ಮಾತ್ರ ಹೆದರಬೇಡಿ. ನೀವು ಮನೆಗೆ ಬಂದಾಗ ಗ್ರೇಹೌಂಡ್ ಹಾಗೆ ಮಾಡಿದರೆ ಅದು ಹಿಗ್ಗು. ಅದೇ ಹಿಗ್ಗಿನಲ್ಲಿ ಬಾಲವನ್ನು ಗೋಡೆಗೆ ಬಡಿದು ಬಡಿದು ತುದಿಯಲ್ಲಿ ರಕ್ತ ಬರಿಸಿಕೊಳ್ಳುವುದೂ ಉಂಟು. ಗೋಡೆಯ ಮೇಲೆ ಕೆಂಪು ಚುಕ್ಕೆ ಕಂಡರೆ ಮೊದಲು ಬಾಲ ನೋಡಿ.

ಒಂಟಿಯಾಗಿರುವುದನ್ನು ಮೊದಲ ದಿನದಿಂದಲೇ ಕಲಿಸಿ. ಸುತ್ತ ಬೇರೆ ನಾಯಿಗಳ ಉಸಿರು ಕೇಳುತ್ತಲೇ ಬೆಳೆದ ನಾಯಿ ಇದು. ಖಾಲಿ ಮನೆ ಅದಕ್ಕೆ ದಿಗಿಲು ಹುಟ್ಟಿಸುತ್ತದೆ. ಬಾಗಿಲಾಚೆ ಹೋಗಿ ಕೆಲವೇ ಸೆಕೆಂಡಿಗೆ ಬನ್ನಿ. ಆಮೇಲೆ ಒಂದು ನಿಮಿಷ, ಐದು ನಿಮಿಷ. ಊಳಿಡುವ ಮೊದಲೇ ವಾಪಸಾಗಬೇಕು. ಒಂದು ವಾರ ರಜೆ ಹಾಕಿ ಪೂರ್ತಿ ಜೊತೆಗಿದ್ದು, ಎಂಟನೇ ದಿನ ಒಮ್ಮೆಲೇ ಎಂಟು ಗಂಟೆ ಬಿಟ್ಟು ಹೋದರೆ ಯಾವ ನಾಯಿ ತಡೆದೀತು ಹೇಳಿ?

ಹಗ್ಗ ಬಿಡಬೇಡಿ

‘ನಮ್ಮದು ಕರೆದರೆ ಬರುತ್ತೆ’ ಅನ್ನುವವರಿದ್ದಾರೆ. ಬರುತ್ತದೆ, ಮೊಲ ಕಾಣದಿರುವ ತನಕ. ಕಂಡಮೇಲೆ ನಿಮ್ಮ ದನಿ ಅದರ ಕಿವಿಗೆ ಬೀಳುವುದಿಲ್ಲ, ಎದುರಿಗೆ ಬರುವ ಕಾರೂ ಕಾಣುವುದಿಲ್ಲ. ಪೂರ್ತಿ ಬೇಲಿ ಇರುವ ಜಾಗದಲ್ಲಿ ಮಾತ್ರ ಹಗ್ಗ ಬಿಚ್ಚಿ. ಮನೆಯಲ್ಲಿ ಬೆಕ್ಕಿದ್ದರೆ ವಾರಗಟ್ಟಲೆ ತಾಳ್ಮೆ ಬೇಕು. ನಾಯಿಗೆ ಹಗ್ಗ, ಬಾಯಿಗೆ ಬುಟ್ಟಿಯಂಥ ಕುಕ್ಕೆ, ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗ. ರೇಸಿನ ನಾಯಿಗಳಿಗೆ ಕುಕ್ಕೆ ಮೊದಲೇ ಅಭ್ಯಾಸ, ಬೇಜಾರಿಲ್ಲ. ಒಳಗೆ ಬೆಕ್ಕಿನ ಪಕ್ಕದಲ್ಲೇ ಮಲಗುವ ನಾಯಿ ಹೊರಗೆ ಓಡುವ ಬೆಕ್ಕನ್ನು ಬಿಡುತ್ತದೆ ಅಂತ ಮಾತ್ರ ನಂಬಬೇಡಿ. ಕೆಲವು ನಾಯಿ ಬೆಕ್ಕಿನ ಜೊತೆ ಎಂದೂ ಬಾಳಲಾರವು. ಅದನ್ನೂ ಒಪ್ಪಿಕೊಳ್ಳಬೇಕು.

ಊಟ, ಡಾಕ್ಟರು

ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಗ್ರೇಹೌಂಡ್‌ಗೆ ಅದೇ ಸರಿಯಾದ ಮೈಕಟ್ಟು. ‘ಪಾಪ, ಊಟ ಹಾಕಲ್ವಾ?’ ಅಂತ ದಾರಿಯಲ್ಲಿ ಕೇಳುತ್ತಾರೆ, ನಕ್ಕು ಮುಂದೆ ಹೋಗಿ. ಅಡುಗೆ ಕಟ್ಟೆಯ ಮೇಲಿರುವುದೆಲ್ಲ ಅದರ ಮೂತಿಗೆ ಎಟುಕುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆ ಬದಲು ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇರುವ ಚೂಯಿಂಗ್ ಗಮ್ ಯಾವ ನಾಯಿಗೂ ವಿಷ. ಮೇಲಿನ ಕಪಾಟಿನಲ್ಲಿಡಿ.

ಗ್ರೇಹೌಂಡ್‌ಗಳನ್ನು ನೋಡಿ ಗೊತ್ತಿರುವ ಡಾಕ್ಟರನ್ನೇ ಹುಡುಕಿ. ಇವುಗಳ ರಕ್ತದ ಲೆಕ್ಕವೇ ಬೇರೆ. ಕೆಂಪು ಕಣ ಜಾಸ್ತಿ, ಪ್ಲೇಟ್‌ಲೆಟ್ ಕಮ್ಮಿ, ಥೈರಾಯ್ಡ್ ಹಾರ್ಮೋನೂ ಕಮ್ಮಿ. ಇದು ಗೊತ್ತಿಲ್ಲದೆ ಆರೋಗ್ಯವಾಗಿರುವ ನಾಯಿಗೆ ಥೈರಾಯ್ಡ್ ಮಾತ್ರೆ ಬರೆದುಕೊಡುವುದುಂಟು. ಅರಿವಳಿಕೆಯಲ್ಲೂ ಹುಷಾರಾಗಿರಬೇಕು. ಥಿಯೊಪೆಂಟಾಲ್‌ನಂಥ ಹಳೇ ಔಷಧವನ್ನು ಇವುಗಳ ಯಕೃತ್ತು ನಿಧಾನವಾಗಿ ಕರಗಿಸುತ್ತದೆ, ಎಚ್ಚರವಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಹಲ್ಲು ಬೇಗ ಹಾಳಾಗುವುದರಿಂದ ದಿನಾ ಉಜ್ಜಿ. ಕುಂಟುತ್ತಿದ್ದರೆ ಪಾದದಡಿ ಆಣಿ ಇದೆಯಾ ನೋಡಿ. ಕೆಲವು ದಿನವಾದರೂ ಕುಂಟುವುದು ನಿಲ್ಲದಿದ್ದರೆ ಎಕ್ಸ್-ರೇ ಮಾಡಿಸಲೇಬೇಕು, ಯಾಕೆಂದರೆ ಈ ತಳಿಯಲ್ಲಿ ಮೂಳೆ ಕ್ಯಾನ್ಸರ್ ಜಾಸ್ತಿ.

ಆಳ ಎದೆಯ ಎಲ್ಲ ದೊಡ್ಡ ನಾಯಿಗಳಿಗೂ ಇರುವ ಇನ್ನೊಂದು ಅಪಾಯ ಹೊಟ್ಟೆ ತಿರುಚಿಕೊಳ್ಳುವುದು. ಹೊಟ್ಟೆ ಉಬ್ಬುತ್ತದೆ, ನಾಯಿ ಕೂತಲ್ಲಿ ಕೂರುವುದಿಲ್ಲ, ವಾಂತಿಗೆ ಒತ್ತರಿಸುತ್ತದೆ ಆದರೆ ಏನೂ ಬರುವುದಿಲ್ಲ. ಮನೆಮದ್ದು ಮಾಡುತ್ತ ಕೂರಬೇಡಿ, ಬೆಳಗಾಗಲಿ ಅಂತಲೂ ಕಾಯಬೇಡಿ. ಕೆಲವೇ ಗಂಟೆಯಲ್ಲಿ ಜೀವ ಹೋಗಬಹುದು. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ ಹತ್ತಿರದಲ್ಲಿ ಯಾವುದಿದೆ ಅಂತ ನಾಯಿ ಮನೆಗೆ ಬರುವ ಮೊದಲೇ ವಿಚಾರಿಸಿ, ಆ ನಂಬರನ್ನು ಎಲ್ಲರ ಫೋನಿನಲ್ಲೂ ಹಾಕಿಡಿ.