ಒಗಟಿನ ಡಂಜನ್ ಇರುವ ಟಾಪ್-ಡೌನ್ ಆಟ ಹುಡುಕುವುದು ಹೇಗೆ

ಚೌಕಾಬಾರದ ಮಣೆಯನ್ನು ಮೇಲಿನಿಂದ ನೋಡಿದಂತೆ ಕಾಣುವ ಲೋಕ. ಅದರಲ್ಲಿ ಕತ್ತಿ ಹಿಡಿದ ಪುಟ್ಟ ನಾಯಕ, ಬೀಗ ಬಿದ್ದ ಬಾಗಿಲು, ತಳ್ಳಬೇಕಾದ ಕಲ್ಲು. ನಿಂಟೆಂಡೋದ 'ದಿ ಲೆಜೆಂಡ್ ಆಫ್ ಜೆಲ್ಡಾ' 1986ರಲ್ಲಿ ಈ ಬಗೆಗೆ ದಾರಿ ಹಾಕಿತು. 1991ರ 'ಎ ಲಿಂಕ್ ಟು ದಿ ಪಾಸ್ಟ್' ಅದಕ್ಕೆ ಗಟ್ಟಿ ರೂಪ ಕೊಟ್ಟಿತು. ಹೀಗೇ ಕಾಣುವ ಆಟಗಳು ಇವತ್ತು ರಾಶಿ ರಾಶಿ ಸಿಗುತ್ತವೆ. ಆದರೆ ಎಷ್ಟೋ ಆಟಗಳಲ್ಲಿ ಡಂಜನ್ (ನಾಯಕ ಒಳಹೊಕ್ಕು ಗೆದ್ದು ಬರಬೇಕಾದ ಗುಹೆ, ಗೋಪುರದಂಥ ತಾಣ) ಅಂದರೆ ಶತ್ರುಗಳನ್ನು ಕೊಚ್ಚುತ್ತಾ ಹೋಗುವ ಕೋಣೆಗಳ ಸಾಲು, ಅಷ್ಟೆ. ಬರೀ ಚಿತ್ರ ನೋಡಿ ಕೊಂಡವರು ಮೋಸಹೋಗುವುದು ಇಲ್ಲೇ.

ಮೊದಲು, ಏನು ಬೇಕೆಂದು ಗೊತ್ತುಮಾಡಿಕೊಳ್ಳಿ

ಒಳ್ಳೆಯ ಒಗಟಿನ ಡಂಜನ್ನಿನಲ್ಲಿ ಕೋಣೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇಲ್ಲಿ ಒತ್ತಿದ ಗುಂಡಿ ಅಲ್ಲೆಲ್ಲೋ ಬಾಗಿಲು ತೆರೆಯುತ್ತದೆ. ನಡುವೆ ಸಿಗುವ ಹೊಸ ಸಾಧನ ಹಿಂದೆ ಬಿಟ್ಟುಬಂದ ಕೋಣೆಗೆ ಉತ್ತರವಾಗುತ್ತದೆ. ಜೆಲ್ಡಾ ಸರಣಿಯದೇ ಆದ 'ಲಿಂಕ್ಸ್ ಅವೇಕನಿಂಗ್' (1993) ಆಟದ ಈಗಲ್ಸ್ ಟವರ್ ಇದಕ್ಕೆ ಅತ್ಯುತ್ತಮ ಮಾದರಿ. ಅಲ್ಲಿ ಒಂದು ಭಾರದ ಗುಂಡನ್ನು ಹೊತ್ತು ತಿರುಗಿ ನಾಲ್ಕು ಕಂಬಗಳನ್ನು ಒಡೆದರೆ, ಮೇಲಿನ ಮಹಡಿ ಕುಸಿದು ಕೆಳಗಿನದರ ಮೇಲೆ ಕೂರುತ್ತದೆ. ಗುಂಡನ್ನು ಯಾವ ದಾರಿಯಲ್ಲಿ ಸಾಗಿಸುವುದು ಎಂಬುದೇ ಇಡೀ ಗೋಪುರದ ಒಗಟು.

ನಿಮ್ಮ ಒಲವು ಯಾವ ಕಡೆಗೆ ಎಂದು ತಿಳಿಯಲು 2001ರ ಜೋಡಿ ಜೆಲ್ಡಾ ಆಟಗಳು ಒಳ್ಳೆಯ ಅಳತೆಗೋಲು. 'ಆರಕಲ್ ಆಫ್ ಏಜಸ್' ಒಗಟಿನ ಕಡೆ ವಾಲಿದರೆ, 'ಆರಕಲ್ ಆಫ್ ಸೀಸನ್ಸ್' ಹೋರಾಟದ ಕಡೆ ವಾಲುತ್ತದೆ. ನಿಂಟೆಂಡೋದ ಸ್ವಿಚ್ ಆಟದ ಯಂತ್ರವೂ ಅದರ ಸ್ವಿಚ್ ಆನ್‌ಲೈನ್ ಚಂದಾ ಕೂಡ ಇದ್ದರೆ ಈ ಎರಡೂ, ಜೊತೆಗೆ 'ಲಿಂಕ್ ಟು ದಿ ಪಾಸ್ಟ್' ಮತ್ತು 'ಲಿಂಕ್ಸ್ ಅವೇಕನಿಂಗ್' ಡಿಎಕ್ಸ್, ಅದರಲ್ಲೇ ಸಿಗುತ್ತವೆ. ಇನ್ನೊಂದು ಜೆಲ್ಡಾ ಆಟ 'ಮಿನಿಶ್ ಕ್ಯಾಪ್' ಬೇಕಾದರೆ ಹೆಚ್ಚು ಬೆಲೆಯ ಎಕ್ಸ್‌ಪ್ಯಾನ್ಶನ್ ಪ್ಯಾಕ್ ಚಂದಾ ಬೇಕು.

ಸ್ಟೀಮ್‌ನಲ್ಲಿ ಹುಡುಕುವ ಕ್ರಮ

ಸ್ಟೀಮ್ ಎಂದರೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ. ಅದರ ಹುಡುಕಾಟದ ಪುಟದಲ್ಲಿ ಟಾಪ್-ಡೌನ್, ಆಕ್ಷನ್-ಅಡ್ವೆಂಚರ್, ಪಜಲ್ ಎಂಬ ಮೂರು ಟ್ಯಾಗ್ (ಆಟದ ಬಗೆ ಹೇಳುವ ಚೀಟಿ) ಮಾತ್ರ ಆರಿಸಿ. ಆರಿಸಿದ ಎಲ್ಲ ಟ್ಯಾಗೂ ಇರುವ ಆಟಗಳಷ್ಟೇ ಉಳಿಯುವುದರಿಂದ ಐದಾರು ಹಾಕಿದರೆ ಒಳ್ಳೆಯವೂ ಜಾರಿಹೋಗುತ್ತವೆ. ಪಿಕ್ಸೆಲ್ ಗ್ರಾಫಿಕ್ಸ್ ಟ್ಯಾಗ್ ಅಂತೂ ಬೇಡ. 'ಟ್ಯೂನಿಕ್', 'ಡೆತ್ಸ್ ಡೋರ್' ಥರದ 3ಡಿ ಆಟಗಳು ಅದರಿಂದಲೇ ತಪ್ಪಿಹೋಗುತ್ತವೆ. ಆಮೇಲೆ ಟಾಪ್-ಡೌನ್ ತೆಗೆದು ಐಸೊಮೆಟ್ರಿಕ್ (ಮೇಲಿನಿಂದ ಓರೆಯಾಗಿ ಕಾಣುವ ನೋಟ) ಹಾಕಿ ಇನ್ನೊಮ್ಮೆ ಹುಡುಕಿ.

ಡಂಜನ್ ಕ್ರಾಲರ್ ಎಂಬ ಟ್ಯಾಗ್ ಹೆಸರಿನಿಂದಲೇ ದಾರಿ ತಪ್ಪಿಸುತ್ತದೆ. ಅದು ಬಹುಮಟ್ಟಿಗೆ ಹೋರಾಟ ಮತ್ತು ಲೂಟಿಯ ಆಟಗಳ ಗುರುತು. ರೋಗ್‌ಲೈಕ್, ರೋಗ್‌ಲೈಟ್ ಟ್ಯಾಗ್‌ಗಳನ್ನು ಪಕ್ಕದ ಮೈನಸ್ ಗುರುತು ಒತ್ತಿ ಹೊರಗಿಡಿ. ಪ್ರತಿ ಸಲವೂ ಹೊಸ ನಕ್ಷೆ ಹುಟ್ಟಿಸುವ ಇಂಥ ಆಟಗಳಲ್ಲಿ ಮಹಡಿ ಕುಸಿಯುವಂಥ, ಕೈಯಾರೆ ಹೆಣೆದ ಒಗಟು ಸಿಗುವುದು ಬಹಳ ಅಪರೂಪ. ತನ್ನ ಲೋಕವನ್ನೂ ಡಂಜನ್‌ಗಳನ್ನೂ ಪ್ರೋಗ್ರಾಮ್‌ನಿಂದಲೇ ಕಟ್ಟಿಸಿಕೊಳ್ಳುವ 'ಲೆನ್ನಾಸ್ ಇನ್ಸೆಪ್ಶನ್' (2020) ಮಾತ್ರ ಜೆಲ್ಡಾ ದಾರಿಯಲ್ಲೇ ನಡೆಯುತ್ತದೆ. ಅದನ್ನು ಹೆಸರು ಹಾಕಿಯೇ ಹುಡುಕಿ.

ಕೊಳ್ಳುವ ಮುಂಚೆ ಪರೀಕ್ಷೆ

ಟ್ರೈಲರ್ ನಂಬಬೇಡಿ, ಒಗಟು ಬಿಡಿಸುವುದು ಟ್ರೈಲರ್‌ನಲ್ಲಿ ಚೆಂದ ಕಾಣುವುದಿಲ್ಲ, ಹಾಗಾಗಿ ಹೋರಾಟವನ್ನೇ ತುಂಬಿರುತ್ತಾರೆ. ಅದರ ಬದಲು ಯಾರಾದರೂ ಮಾತಿಲ್ಲದೆ ಆಡಿದ ವಿಡಿಯೊ ಹಿಡಿದು ಎರಡನೇ ಡಂಜನ್‌ಗೆ ಹೋಗಿ. ಮೊದಲನೆಯದು ಸಾಮಾನ್ಯವಾಗಿ ಪಾಠ ಹೇಳಿಕೊಡಲು ಇರುತ್ತದೆ, ಆಟದ ನಿಜವಾದ ಬಣ್ಣ ಬಯಲಾಗುವುದು ಎರಡನೆಯದರಲ್ಲಿ. ಹತ್ತು ನಿಮಿಷ ನೋಡಿ. ಆಡುವವರು ನಕ್ಷೆ ತೆರೆಯುತ್ತಾರೆಯೇ, ಹಳೆಯ ಕೋಣೆಗೆ ಮರಳುತ್ತಾರೆಯೇ? ಒಮ್ಮೆಯೂ ಹಿಂದಿರುಗದೆ ಮುಂದೆ ಮುಂದೆಯೇ ಹೋದರೆ ಅದು ನಿಮ್ಮ ಆಟವಲ್ಲ.

ಚರ್ಚೆಯ ವಿಭಾಗವನ್ನೂ ನೋಡಿ. 'ಇಂಥ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದೇನೆ', 'ಒಂದು ಕೀಲಿ ಕಮ್ಮಿ ಬರುತ್ತಿದೆ' ಎಂಬ ಪ್ರಶ್ನೆಗಳು ತುಂಬಿದ್ದರೆ ಒಳ್ಳೆಯ ಲಕ್ಷಣ. ಬರೀ ಬಾಸ್ (ಡಂಜನ್ ಕೊನೆಯ ದೊಡ್ಡ ಶತ್ರು) ಸೋಲಿಸುವ ಬಗೆಗೇ ಮಾತಿದ್ದರೆ ಒಗಟು ತೆಳು ಎಂದರ್ಥ. ಅಚೀವ್‌ಮೆಂಟ್ (ಆಟದ ಒಂದೊಂದು ಘಟ್ಟ ಮುಟ್ಟಿದಾಗ ಸಿಗುವ ಪದಕ) ಪಟ್ಟಿಯಿಂದ ಎಷ್ಟು ಡಂಜನ್ ಇವೆ, ಎಲ್ಲಿಗೆ ಬರುವಷ್ಟರಲ್ಲಿ ಜನ ಕೈಬಿಟ್ಟರು ಎಂಬ ಅಂದಾಜು ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ರುಚಿಗೆ ತಕ್ಕ ಆಟ

ಒಗಟೇ ಮುಖ್ಯ ಎನ್ನುವವರಿಗೆ 'ಇಟಲ್ ಡ್ಯೂ' (2013) ಚಿಕ್ಕದು, ಚೊಕ್ಕದು. ಕತ್ತಿಯೇ ಬೇಡ, ಕಲ್ಲು ತಳ್ಳುವುದಷ್ಟೇ ಸಾಕು ಎಂದರೆ 'ಐಲ್ಸ್ ಆಫ್ ಸೀ ಅಂಡ್ ಸ್ಕೈ' (2024). ಹಳೆಯದರಲ್ಲಿ ಪ್ಲೇಸ್ಟೇಷನ್‌ನ 'ಅಲಂಡ್ರಾ' (1997) ತುಂಬ ಕಠಿಣ. ಎಳೆಯ ಮಕ್ಕಳೊಡನೆ ಆಡಲು 'ಬ್ಲಾಸಮ್ ಟೇಲ್ಸ್' ಹಗುರ.

'ಕ್ರಾಸ್‌ಕೋಡ್' (2018) ಈ ಗುಂಪಿನಲ್ಲೇ ದೊಡ್ಡ ಊಟ. ಚೆಂಡನ್ನು ಗೋಡೆಗೆ ಬಡಿದು ತಿರುಗಿಸಿ ಗುರಿ ಮುಟ್ಟಿಸುವುದು ಅದರ ಜೀವಾಳ. ಮುಂದೆ ಶಾಖ, ತಂಪು, ಅಲೆ, ಆಘಾತ ಎಂಬ ಶಕ್ತಿಗಳು ಸೇರಿಕೊಳ್ಳುತ್ತವೆ. ಉತ್ತರ ಹೊಳೆದರೂ ಕೈ ವೇಗ ಸಾಲದೆ ಸೋಲುವವರು ಬಹಳ. ಅವರು ಸೆಟ್ಟಿಂಗ್ಸ್‌ನ ಅಸಿಸ್ಟ್ ಭಾಗದಲ್ಲಿ ಒಗಟಿನ ವೇಗ ಇಳಿಸಿಕೊಳ್ಳಬೇಕು. ಅದರಲ್ಲಿ ನಾಚಿಕೆಯೇನಿಲ್ಲ; ಬುದ್ಧಿಯ ಕೆಲಸ ಹಾಗೆಯೇ ಉಳಿಯುತ್ತದೆ. ಮಾತು ಮಾತ್ರ ಬಹಳ, ಅದೂ ಇಂಗ್ಲಿಷಿನಲ್ಲಿ ಓದಬೇಕು. 'ಟ್ಯೂನಿಕ್' (2022) ಇದಕ್ಕೆ ತದ್ವಿರುದ್ಧ: ಅಲ್ಲಿ ಬಹುಪಾಲು ಬರಹ ಕಲ್ಪಿತ ಲಿಪಿಯಲ್ಲಿದೆ. ಅದರ ಒಗಟು ಡಂಜನ್‌ಗಿಂತ ಹೆಚ್ಚಾಗಿ ಆಟದೊಳಗೆ ಹಾಳೆ ಹಾಳೆಯಾಗಿ ಸಿಗುವ ಕೈಪಿಡಿಯಲ್ಲಿದೆ. ಕೀಲಿ-ಬಾಗಿಲಿನ ಡಂಜನ್‌ಗಾಗಿಯೇ ಬಂದವರು ಇದನ್ನು ತಿಳಿದ ಮೇಲೆಯೇ ಖರೀದಿಸಲಿ.

ದುಡ್ಡು ಖರ್ಚು ಮಾಡಲಾಗದವರಿಗೆ ಸೊಲಾರಸ್ ಇದೆ. ಅದು ಉಚಿತ, ಮುಕ್ತ ಆಕರದ ಎಂಜಿನ್, ಅಂದರೆ ಇಂಥ ಆಟಗಳನ್ನು ಕಟ್ಟಿ ಓಡಿಸುವ ತಂತ್ರಾಂಶ. 'ಮಿಸ್ಟರಿ ಆಫ್ ಸೊಲಾರಸ್ ಡಿಎಕ್ಸ್' ಅದರಲ್ಲಿ ಆಡಬಹುದಾದ ಪೂರ್ಣ ಪ್ರಮಾಣದ ಆಟ.

ಎರಡು ಗಂಟೆಯ ಲೆಕ್ಕ

ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಆಟವನ್ನು ನಿಲ್ಲಿಸಿಟ್ಟು ಕಾಫಿಗೆ ಎದ್ದು ಹೋದರೂ ಗಡಿಯಾರ ಓಡುತ್ತಲೇ ಇರುತ್ತದೆ, ಆದ್ದರಿಂದ ಪೂರ್ತಿ ಮುಚ್ಚಿ ಏಳಿ. ಆ ಎರಡು ಗಂಟೆಯಲ್ಲಿ ಊರಿನ ಚಿಕ್ಕಪುಟ್ಟ ಕೆಲಸಗಳನ್ನು ಬಿಟ್ಟು ನೇರವಾಗಿ ಮೊದಲ ಡಂಜನ್‌ಗೆ ನಡೆಯಿರಿ. 'ಕ್ರಾಸ್‌ಕೋಡ್'ನಂಥ ಉದ್ದದ ಆಟದಲ್ಲಿ ಮೊದಲ ದೊಡ್ಡ ಡಂಜನ್ ಬರುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ಅದಕ್ಕೆ ಮೊದಲು ಉಚಿತ ಡೆಮೊ ಆಡಿ ನೋಡಿ, ಆಮೇಲೆ ದುಡ್ಡು ಕೊಡಿ.