ಮೊದಲು ಸುಳಿ ನೋಡಬೇಕು

'ಪಿಕ್ಸಿ ಕಟ್' ಅಂತ ಹೆಸರು ಹಿಡಿದು ಕೇಳಿಕೊಂಡು ಬಂದ ನನ್ನ ಮೊದಲ ಗಿರಾಕಿ ಒಬ್ಬರು ಕಾಲೇಜು ಮೇಡಂ. ಅಲ್ಲಿಯವರೆಗೆ ಶಿವಮೊಗ್ಗದ ನನ್ನ ಪುಟ್ಟ ಪಾರ್ಲರ್‌ನಲ್ಲಿ ಅದು ಬರೀ ಬಾಯ್ ಕಟ್. ಅದೂ ಏಳೆಂಟು ವರ್ಷದ ಹುಡುಗಿಯರಿಗೆ, ತಲೆಯಲ್ಲಿ ಹೇನು ಮಿತಿಮೀರಿದಾಗ. ಮೇಡಂ ಮೊಬೈಲಿನಲ್ಲಿ ಒಂದು ಕಪ್ಪು ಬಿಳುಪು ಫೋಟೊ ತೋರಿಸಿದರು. 1953ರ 'ರೋಮನ್ ಹಾಲಿಡೇ'ಯ ಆಡ್ರೆ ಹೆಪ್‌ಬರ್ನ್. ಇವರ ಜಡೆಯೋ ಸೊಂಟ ಮುಟ್ಟುತ್ತಿತ್ತು.

"ಮನೇಲಿ ಹೇಳಿದೀರಾ ಮೇಡಂ?"

"ನೀನು ಕತ್ತರಿಸು. ಹೇಳೋದು ನನ್ನ ಕೆಲಸ."

ಜಡೆ ಬಿಗಿಯಾಗಿ ಹೆಣೆದು, ಮೇಲೊಂದು ಕೆಳಗೊಂದು ರಬ್ಬರ್ ಬ್ಯಾಂಡ್ ಹಾಕಿ, ಮೇಲಿನ ಬ್ಯಾಂಡಿಗೂ ತಲೆಗೂ ನಡುವೆ ಕತ್ತರಿ ಇಟ್ಟೆ. ಸಿನಿಮಾದಲ್ಲಿ ಕಚಕ್ ಅಂದರೆ ಮುಗಿಯಿತು. ನಿಜವಾದ ಜಡೆ ಹಾಗೆ ಬೀಳುವುದಿಲ್ಲ, ಕತ್ತರಿಯ ಬಾಯಿಂದ ಜಾರುತ್ತದೆ. ಸ್ವಲ್ಪ ಸ್ವಲ್ಪವೇ ಹಿಡಿದು ಹತ್ತು ಹನ್ನೆರಡು ಸಲ ಕಡಿಯಬೇಕು, ಒಣಹುಲ್ಲು ಕೊಯ್ದ ಹಾಗೆ ಕರಕರ ಸದ್ದು. ಕೊನೆಯ ಎಳೆ ಬಿಟ್ಟಾಗ ಮೇಡಂ ತಲೆ ತಾನಾಗಿ ಮುಂದಕ್ಕೆ ವಾಲಿತು. ಅಷ್ಟು ವರ್ಷ ಹಿಂದಕ್ಕೆ ಎಳೆಯುತ್ತಿದ್ದ ಭಾರ ಹೋಗಿತ್ತಲ್ಲ. ಜಡೆಯನ್ನು ಅವರ ಮಡಿಲಲ್ಲಿಟ್ಟೆ.

ನಾನು ಎಡವಿದ್ದು ಆಮೇಲೆ. ಕೂದಲು ಒದ್ದೆ ಮಾಡಿ, ಕತ್ತಿನಿಂದ ನೆತ್ತಿಯವರೆಗೆ ಒಂದೇ ಅಳತೆ ಹಿಡಿದುಕೊಂಡು ಹೋದೆ. ಒದ್ದೆಯಲ್ಲಿ ಎಲ್ಲ ಚೆನ್ನಾಗಿ ಮಲಗಿತ್ತು. ಡ್ರೈಯರ್ ಹಿಡಿದಿದ್ದೇ ತಡ, ಹಿಂದಲೆಯ ಕೂದಲು ಕೋಳಿಜುಟ್ಟಿನಂತೆ ಎದ್ದು ನಿಂತಿತು. ಬಗ್ಗಿ ನೋಡಿದರೆ ಎರಡು ಸುಳಿ, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಎರಡು ಸುಳಿ ಇದ್ದರೆ ಎರಡು ಮದುವೆ ಅನ್ನುತ್ತಿದ್ದಳು ನಮ್ಮಜ್ಜಿ. ಎರಡು ಸುಳಿ ಇದ್ದರೆ ಕತ್ತರಿ ಕೆಳಗಿಡು ಅಂದಿದ್ದರೆ ನನಗೆ ಉಪಕಾರವಾಗುತ್ತಿತ್ತು. ಮೇಡಂ ಕನ್ನಡಿ ನೋಡಿ ನಕ್ಕರು, ದುಡ್ಡೂ ಕೊಟ್ಟರು. ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ಆ ರಾತ್ರಿ ಕೂತು ಆ ಸಿನಿಮಾ ನೋಡಿದೆ. ರಾಜಕುಮಾರಿ ಕೈಯಿಂದ ಅಳತೆ ತೋರಿಸಿ ಇನ್ನೂ ಮೇಲೆ, ಇನ್ನೂ ಮೇಲೆ ಅನ್ನುತ್ತಾಳೆ, ಕ್ಷೌರಿಕನಿಗೆ ಜೀವ ಹೋದಷ್ಟು ಸಂಕಟ. ಅವನ ಪಾಡು ನನಗೆ ಅರ್ಥವಾಯಿತು. ಒಂದು ಮಾತು: ನನ್ನ ಲೆಕ್ಕದಲ್ಲಿ ಅದು ಪೂರ್ತಿ ಪಿಕ್ಸಿಯಲ್ಲ, ಕಿವಿಯ ಸುತ್ತ ಕೂದಲು ಉದ್ದವೇ ಇದೆ. ಅಪ್ಪಟ ಪಿಕ್ಸಿ ಅಂದರೆ 1968ರ 'ರೋಸ್‌ಮೆರೀಸ್ ಬೇಬಿ'ಯ ಮಿಯಾ ಫ್ಯಾರೊ. ಸಿನಿಮಾದ ಕಥೆಯಲ್ಲಿ ಆ ಕಟ್ ಮಾಡಿದ ಹೆಸರು ಲಂಡನ್ನಿನ ಕೇಶವಿನ್ಯಾಸಕ ವಿಡಾಲ್ ಸಸೂನ್‌ಗೆ ಹೋಗುತ್ತದೆ. 1967ರಲ್ಲಿ ಪತ್ರಕರ್ತರನ್ನು ಕರೆಸಿ, ಅವರೆದುರು ಸಸೂನ್ ಅವಳ ಕೂದಲು ಕತ್ತರಿಸಿದ್ದೂ ನಿಜ. ಆದರೆ ಅದಕ್ಕೂ ಮೊದಲೇ ಆಕೆ ತನ್ನ ಉದ್ದ ಕೂದಲನ್ನು ತಾನೇ ಕತ್ತರಿಸಿಕೊಂಡಿದ್ದಳು. ಅವಳಿಗೆ ಒಂದೇ ಸುಳಿ ಇದ್ದಿರಬೇಕು.

ನನ್ನ ಕೈ ಪಳಗಿದ್ದು ಫ್ಯಾಷನ್‌ನಿಂದಲ್ಲ, ತಿರುಪತಿಯಿಂದ. ಮುಡಿ ಕೊಟ್ಟು ಬಂದ ಹೆಂಗಸರು ನಾಲ್ಕನೇ ತಿಂಗಳಿಗೆ ಸೆರಗು ಹೊದ್ದುಕೊಂಡು ಬರುತ್ತಾರೆ. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರ್ ಚಿಲ್ಲರೆ. ಆ ಹೊತ್ತಿಗೆ ಎಲ್ಲ ಕಡೆ ಒಂದೇ ಉದ್ದ, ಕದಂಬದ ಹೂವಿನ ಹಾಗೆ ಉಬ್ಬಿರುತ್ತದೆ. ನೆತ್ತಿ ಮುಟ್ಟದೆ, ಕತ್ತಿನ ಹಿಂದೆ ಮತ್ತು ಕಿವಿಯ ಮೇಲೆ ಮಾತ್ರ ಇಳಿಸಿದರೆ ಅದೇ ಪಿಕ್ಸಿ. ಅಂಥ ತಲೆಗಳಲ್ಲಿ ಸುಳಿ ಬಚ್ಚಿಟ್ಟುಕೊಳ್ಳುವುದಿಲ್ಲ, ಯಾವ ಎಳೆ ಎತ್ತ ತಿರುಗುತ್ತದೆ ಅಂತ ಬಿಡಿಸಿ ತೋರಿಸುತ್ತದೆ.

ಈಗ ಯಾರೇ ಬಂದರೂ ಜಡೆ ಬಿಚ್ಚಿಸಿ, ಒಣ ತಲೆಯಲ್ಲೇ ಬೆರಳಾಡಿಸಿ ಸುಳಿ ಹುಡುಕುತ್ತೇನೆ. ಮುಖ ದುಂಡೋ ಉದ್ದವೋ ಅನ್ನುವುದು ಆಮೇಲಿನ ಮಾತು, ಅದನ್ನು ಮುಂಗುರುಳಲ್ಲಿ ಸರಿದೂಗಿಸಬಹುದು. ಕತ್ತಿನ ಕಡೆಯಿಂದ ಶುರು ಮಾಡುತ್ತೇನೆ. ಕಿವಿಯ ಮೇಲಿನ ಕೂದಲನ್ನು ಎಳೆದು ಹಿಡಿಯುವುದಿಲ್ಲ, ಎಳೆದು ಕತ್ತರಿಸಿದರೆ ಬಿಟ್ಟಾಗ ಮೇಲಕ್ಕೇರಿ ತೂತು ಬಿದ್ದಂತೆ ಕಾಣುತ್ತದೆ. ಸುಳಿಯ ಸುತ್ತ ಎರಡು ಬೆರಳಗಲ ಜಾಗವನ್ನು ಉದ್ದವೇ ಬಿಟ್ಟು, ಒಣಗಿದ ಮೇಲೆ ಕತ್ತರಿಯ ತುದಿಯಿಂದ ಒಂದೊಂದೇ ಚುಚ್ಚಿ ಇಳಿಸುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಐದಾರು ವಾರಕ್ಕೊಮ್ಮೆ ಬರಬೇಕು, ಮತ್ತೆ ಭುಜದವರೆಗೆ ಬೇಕೆಂದರೆ ಹತ್ತಿರ ಹತ್ತಿರ ಎರಡು ವರ್ಷ ಅಂತ ಮೊದಲೇ ಹೇಳಿಬಿಡುತ್ತೇನೆ. ಕೇಳಿ ಎದ್ದು ಹೋದವರೂ ಇದ್ದಾರೆ.

ಮನೆಯ ಹಿರಿಯರು ಬೈದರೆ ನನಗೆ ಸಿಟ್ಟು ಬರುವುದಿಲ್ಲ. 1977ರ 'ಘಟಶ್ರಾದ್ಧ'ದ ವಿಧವೆ ಯಮುನೆಯ ಬೋಳುತಲೆ ಅವರಿಗೆ ಬರೀ ಸಿನಿಮಾ ಅಲ್ಲ, ಮಲೆನಾಡಿನ ಎಷ್ಟೋ ಮನೆಗಳ ಒಳಕೋಣೆಯಲ್ಲಿ ಅಂಥ ಅಜ್ಜಿಯರಿದ್ದರು. ಕೂದಲಿಲ್ಲದ ಹೆಣ್ಣು ಅಂದರೆ ಅವರ ಕಣ್ಣಿಗೆ ಕಟ್ಟುವುದೇ ಬೇರೆ.

ಮೇಡಂ ಮೂರನೇ ತಿಂಗಳು ಬಂದರು. ಜುಟ್ಟು ಬಗ್ಗಿತ್ತು. ಸರಿಮಾಡಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ. ನಾದಿನಿಯ ಮದುವೆಯಂತೆ, "ಹೂ ಎಲ್ಲಿ ಮುಡೀಲಿ ಅಂತ ಅತ್ತೆ ಕೇಳ್ತಿದಾರೆ" ಅಂದರು. ಮಲ್ಲಿಗೆ ದಂಡೆಯ ಭಾರ ಈ ಕೂದಲು ತಡೆಯುವುದಿಲ್ಲ. ಎರಡು ಕಪ್ಪು ಪಿನ್ನುಗಳನ್ನು ಕಿವಿಯ ಮೇಲೆ ಅಡ್ಡಡ್ಡ ಸಿಕ್ಕಿಸಿ, ಅವು ಕೂಡುವ ಕಡೆ ಒಂದು ಪುಟ್ಟ ಗುಲಾಬಿಯ ತೊಟ್ಟು ತೂರಿಸಿದೆ. ತಲೆ ಕೊಡವಿ ನೋಡಿದರು. ಬೀಳಲಿಲ್ಲ.